ಡ್ರಿಲ್ ಬಾಡಿಗೆಗೆ ಕೊಡುವವರು ಕನ್ನಡಕವನ್ನೂ ಕೊಡಲಿ

ಮಳೆಗಾಲಕ್ಕೆ ಮುಂಚೆ ತಾರಸಿಗೆ ಶೀಟು ಹಾಕಿಸುವ ಗಡಿಬಿಡಿ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಮನೆಗಳಿಗೆ ಹೊಸತಲ್ಲ. ಕಬ್ಬಿಣದ ಕಂಬ ನಿಲ್ಲಿಸಲು, ಗೋಡೆಗೆ ಬೋಲ್ಟು ಕೂರಿಸಲು ಉಳಿ ಸುತ್ತಿಗೆ ಹಿಡಿಯುವವರು ಮಾತ್ರ ಈಗ ಕಡಿಮೆ. ಪೇಟೆಯಲ್ಲಿ ದಿನಬಾಡಿಗೆಗೆ ರೋಟರಿ ಹ್ಯಾಮರ್ ಡ್ರಿಲ್ ಸಿಗುತ್ತದೆ. ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಳ್ಳೆಯದೇ. ಆದರೆ ಬಾಡಿಗೆಗೆ ತಂದ ಪೆಟ್ಟಿಗೆ ತೆರೆದು ನೋಡಿ. ಯಂತ್ರ ಇರುತ್ತದೆ, ನಾಲ್ಕೈದು ಬಿಟ್ ಇರುತ್ತವೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರುವುದು ಅಪರೂಪ. ಪಕ್ಕದ ಹಿಡಿಕೆಯನ್ನೂ ಯಾರೋ ಬಿಚ್ಚಿ ಎಲ್ಲೋ ಇಟ್ಟಿರುತ್ತಾರೆ.

ಆ ಹಿಡಿಕೆ ಅಲಂಕಾರಕ್ಕೆ ಇರುವುದಲ್ಲ. ಈ ಯಂತ್ರ ಬಿಟ್ಟನ್ನು ತಿರುಗಿಸುವುದರ ಜೊತೆಗೆ ಒಳಗಿನ ಗಾಳಿಯ ಒತ್ತಡದಿಂದ ಹಿಂದಿನಿಂದ ಹೊಡೆಯುತ್ತಲೂ ಇರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ಬಿಟ್ ಸಿಕ್ಕಿಕೊಂಡರೆ ಬಿಟ್ ನಿಲ್ಲುತ್ತದೆ, ಯಂತ್ರ ತಿರುಗುತ್ತದೆ. ಒಂದೇ ಕೈಯಲ್ಲಿ ಹಿಡಿದವನ ಮಣಿಕಟ್ಟು ಉಳುಕುವುದು ಹಾಗೆ. ಏಣಿಯ ಮೇಲಿದ್ದರೆ ಮಣಿಕಟ್ಟಿಗೇ ಮುಗಿಯುವುದಿಲ್ಲ. ಸರಳು ಸಿಕ್ಕಿತೆಂದು ಗೊತ್ತಾದ ಕೂಡಲೇ ನಿಲ್ಲಿಸಿ ತೂತಿನ ಜಾಗ ಬದಲಿಸಬೇಕು. ಕಲ್ಲು ಕೊರೆಯುವ ಬಿಟ್ ಕಬ್ಬಿಣ ಕೊರೆಯಲು ಇರುವುದಲ್ಲ, ಒತ್ತಿದಷ್ಟೂ ಬಿಟ್ ಹಾಳು. ಸರಳನ್ನು ಕತ್ತರಿಸಿದರೆ ಹಾಳಾಗುವುದು ಮನೆಯ ತೊಲೆ.

ನಮ್ಮ ಗೋಡೆಗಳ ವಿಷಯ ಬೇರೆಯೇ ಇದೆ. ಇಲ್ಲಿಯ ಹೆಚ್ಚಿನ ಮನೆಗಳು ಕೆಂಪುಕಲ್ಲಿನವು. ಕ್ವಾರಿಯಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು, ಒಳಗೆ ಅಲ್ಲಲ್ಲಿ ಪೊಳ್ಳು. ಕಾಂಕ್ರೀಟಿಗೆ ಹೊಡೆದ ಹಾಗೆ ಇದಕ್ಕೆ ಹೊಡೆದರೆ ತೂತು ಅಗಲವಾಗಿ, ಗಾರೆ ಚಕ್ಕೆ ಎದ್ದು, ಬೋಲ್ಟು ಹಿಡಿಯದೆ ಅಲ್ಲಾಡುತ್ತದೆ. ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಕೊರೆಯುವ ಗುಂಡಿ ಯಂತ್ರದಲ್ಲೇ ಇದೆ. ಕೆಂಪುಕಲ್ಲಿಗೆ ಮೊದಲು ಅದನ್ನೇ ಬಳಸಿ ನೋಡುವುದು ಕ್ಷೇಮ. ಭಾರ ಹೊರುವ ಬೋಲ್ಟಿಗೆ ಲಿಂಟಲ್ ಅಥವಾ ಬೆಲ್ಟಿನ ಕಾಂಕ್ರೀಟ್ ಹುಡುಕುವುದು ಇನ್ನೂ ಒಳ್ಳೆಯದು. ಗಾಳಿಮಳೆಗೆ ಶೀಟು ಎದ್ದು ಹೋದ ಮೇಲೆ ಮೇಸ್ತ್ರಿಯನ್ನು ಬೈದು ಏನು ಫಲ?

ಮನೆಯ ಯಜಮಾನರು ಮಾಡಬೇಕಾದ ಒಂದು ಕೆಲಸವನ್ನು ಕೆಲಸದವನು ಮಾಡಲಾರ. ವಯರ್ ಎಲ್ಲಿ ಹೋಗಿದೆ, ನೀರಿನ ಪೈಪ್ ಎಲ್ಲಿ ಹೋಗಿದೆ ಎಂದು ತೋರಿಸಬೇಕು. ಗೋಡೆಯೊಳಗಿನ ವಯರ್ ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ, ಕೆಳಕ್ಕೆ ಅಥವಾ ಅಡ್ಡಕ್ಕೆ ಹೋಗಿರುತ್ತದೆ. ಆ ಗೆರೆಯಲ್ಲಿ ಕೊರೆಯಲೇಬಾರದು. ಹಳೆ ಮನೆಗಳಲ್ಲಿ ಈ ಲೆಕ್ಕವೂ ನಡೆಯದು, ಓರೆಯಾಗಿ ಎಳೆದವರೂ ಇದ್ದಾರೆ. ಅದಕ್ಕಾಗಿ ಆ ಕೋಣೆಯ ಎಂ.ಸಿ.ಬಿ. ಇಳಿಸಿ, ಡ್ರಿಲ್ಲಿಗೆ ಬೇರೆ ಲೈನಿನಿಂದ ಎಕ್ಸ್‌ಟೆನ್ಶನ್ ಎಳೆಯಬೇಕು. "ಇ.ಎಲ್.ಸಿ.ಬಿ. ಉಂಟಲ್ಲ ಮಾರಾಯ್ರೆ, ಏನೂ ಆಗುದಿಲ್ಲ" ಎನ್ನುವವರಿಗೆ ಒಂದು ಪ್ರಶ್ನೆ: ಅದರ ಟೆಸ್ಟ್ ಗುಂಡಿ ಒತ್ತಿ ನೋಡಿದ್ದು ಯಾವಾಗ? ಮನೆಗಳಲ್ಲಿ ಹಾಕುವ 30 ಮಿಲಿ ಆಂಪಿಯರಿನದು ಭೂಮಿಗೆ ಸೋರುವ ವಿದ್ಯುತ್ತಿಗೆ ಬೀಳುತ್ತದೆ. ಫೇಸು, ನ್ಯೂಟ್ರಲ್ ಎರಡಕ್ಕೂ ಒಟ್ಟಿಗೆ ಮೈ ತಾಗಿದರೆ ಅದು ಕಾಪಾಡುತ್ತದೆಂಬ ಭರವಸೆ ಇಲ್ಲ.

ಇನ್ನು ಧೂಳು. ಇದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತೂತು ಕೊರೆದ ಮೇಲೆ ಅದಕ್ಕೆ ಬಾಯಿ ಇಟ್ಟು ಉಫ್ ಎಂದು ಊದುವುದನ್ನು ಎಲ್ಲ ಕಡೆ ಕಾಣಬಹುದು. ಊದಿದ ಧೂಳು ನೇರ ಬರುವುದು ಊದಿದವನ ಕಣ್ಣಿಗೆ. ಅದಕ್ಕೆಂದೇ ಕೈಯಲ್ಲಿ ಅಮುಕುವ ರಬ್ಬರಿನ ಪಂಪು ಅಂಗಡಿಗಳಲ್ಲಿ ಸಿಗುತ್ತದೆ, ದೊಡ್ಡ ಖರ್ಚೇನಲ್ಲ. ಕಣ್ಣಿಗೆ ಕಾಣುವ ಧೂಳು ನೆಲಕ್ಕೆ ಬೀಳುತ್ತದೆ. ಕಾಣದಷ್ಟು ಸಣ್ಣದು ಗಾಳಿಯಲ್ಲೇ ನಿಂತು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಕಾಂಕ್ರೀಟಿನ ಮರಳು, ಕರಿಕಲ್ಲಿನ ಜಲ್ಲಿ, ಎಂ-ಸ್ಯಾಂಡ್ ಎಲ್ಲದರಲ್ಲೂ ಸಿಲಿಕಾ ಇದೆ. ವರ್ಷಾನುಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ. ವರ್ಷಕ್ಕೆರಡು ತೂತು ಕೊರೆಯುವ ಮನೆಯವರು ಹೆದರಬೇಕಾಗಿಲ್ಲ. ದಿನಾ ಇದೇ ಕೆಲಸ ಮಾಡುವ ಹುಡುಗರ ಮಾತು ಹಾಗಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿತ್ತು. ಆದರೆ ನಮ್ಮ ಮನೆಯ ಜಗಲಿ ಕಾರ್ಖಾನೆ ಅಲ್ಲವಲ್ಲ! ಅಲ್ಲಿ ಕೊರೆಯುವವನ ಕೆಮ್ಮನ್ನು ಯಾರು ಬರೆದಿಡುತ್ತಾರೆ?

ಮುಖಕ್ಕೆ ಬೈರಾಸು ಸುತ್ತಿದರೆ ಈ ಸಣ್ಣ ಧೂಳು ನಿಲ್ಲುವುದಿಲ್ಲ. ಸಡಿಲವಾದ ತುದಿ ಬಿಟ್ಟಿಗೆ ಸುತ್ತಿಕೊಳ್ಳುವ ಅಪಾಯ ಬೇರೆ. ಎನ್-95 ಮಾಸ್ಕ್ ಮೂಗಿಗೆ ಬಿಗಿಯಾಗಿ ಕೂರಬೇಕೆಂದು 2020ರ ಕೊರೋನಾ ಕಾಲದಲ್ಲಿ ಶಾಲೆ ಮಕ್ಕಳಿಗೂ ಗೊತ್ತಾಗಿದೆ, ಅದೇ ಇಲ್ಲಿಗೂ ಸಾಕು. ಕೆಲಸ ಮುಗಿದ ಮೇಲೆ ಒಣ ಹಿಡಿಸೂಡಿಯಲ್ಲಿ ಗುಡಿಸಬೇಡಿ. ಯಂತ್ರವನ್ನು ದೂರ ಇಟ್ಟು, ನೆಲಕ್ಕೆ ನೀರು ಚಿಮುಕಿಸಿ ಒರೆಸಿ. ಕಿವಿಗೂ ಏನಾದರೂ ಬೇಕು. ಕೋಣೆಯೊಳಗೆ ಈ ಯಂತ್ರದ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ.

ಕನ್ನಡಕ ಕೊಟ್ಟರೆ ವಾಪಸು ಬರುವುದಿಲ್ಲ ಎಂದು ಬಾಡಿಗೆ ಅಂಗಡಿಯವರು ಹೇಳಬಹುದು. ಯಂತ್ರಕ್ಕೆ ಠೇವಣಿ ಇಟ್ಟುಕೊಳ್ಳುವವರು ಅದಕ್ಕೂ ಸ್ವಲ್ಪ ಸೇರಿಸಲಿ. ಮಾಸ್ಕ್ ಒಂದನ್ನು ಬಾಡಿಗೆಯಲ್ಲೇ ಲೆಕ್ಕ ಹಾಕಲಿ. ಹಿಡಿಕೆ ಇಲ್ಲದ ಯಂತ್ರವನ್ನು ಹೊರಗೆ ಕೊಡಲೇಬಾರದು. ಪಂಚಾಯತಿನವರು ಪರವಾನಗಿ ನವೀಕರಿಸುವಾಗ ಇದನ್ನೊಂದು ವಿಚಾರಿಸಿದರೆ ತಪ್ಪೇನಿಲ್ಲ.

ಭಾಷೆಯ ಮಾತೂ ಇದೆ. ಕಂಪೆನಿಯ ಪುಸ್ತಕ ಇಂಗ್ಲಿಷಿನಲ್ಲಿ, ಮನೆಯವರು ಓದುವುದು ಕನ್ನಡ, ಅಂಗಡಿಯಾತ ಮಲಯಾಳ, ಡ್ರಿಲ್ ಹಿಡಿಯುವವನು ಒಡಿಶಾದಿಂದಲೋ ಬಂಗಾಳದಿಂದಲೋ ಬಂದವನು. ಕನ್ನಡ, ಮಲಯಾಳ, ಹಿಂದಿಯಲ್ಲಿ ಹತ್ತು ಸಾಲಿನ ಒಂದು ಹಾಳೆ ಅಚ್ಚು ಹಾಕಿಸಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಬಹುದು. ಕಚೇರಿಗಳಲ್ಲಿ ಕನ್ನಡ ಬೇಕೆಂದು ಅರ್ಜಿ ಹಿಡಿದು ಓಡಾಡುವ ನಮಗೆ, ಕುಂಬಳೆಯದೋ ಬದಿಯಡ್ಕದ್ದೋ ನಮ್ಮ ಪರಿಚಯದ ಅಂಗಡಿಯಲ್ಲಿ ಇದನ್ನು ಮಾಡಿಸಲು ತಿರುವನಂತಪುರದ ಆದೇಶ ಬೇಕಾಗಿಲ್ಲ. ಹಿಂದಿಯ ಸಾಲುಗಳನ್ನು ಬರೆದುಕೊಡಲು ಊರಿನ ಶಾಲೆಯ ಹಿಂದಿ ಮೇಷ್ಟ್ರನ್ನು ಕೇಳಿದರಾಯಿತು.