ನೋವು ನಮ್ಮದು, ತಿಳಿವಳಿಕೆ ಯಾರದು?



ಕಬ್ಬು ಕಡಿದು, ಮಣ್ಣು ಹೊತ್ತು, ಚರಂಡಿ ಬಳಿದು ನಮ್ಮವರ ಮೈಕೈ ನೋಯ್ತದೆ. ಸಂಜೆ ಡಾಕ್ಟರ ಶಾಪಿನಲ್ಲಿ ಒಂದು ಸೂಜಿ, ಹೆಸರಿಲ್ಲದ ಪೊಟ್ಟಣದಲ್ಲಿ ನಾಲ್ಕು ಗುಳಿಗೆ. ಬೆಳಿಗ್ಗೆ ಮತ್ತೆ ಕೂಲಿ. ಕೊಟ್ಟದ್ದೇನು ಅಂತ ಕೇಳಿದರೆ, "ನಿನಗ್ಯಾಕೆ ಅದೆಲ್ಲಾ, ನುಂಗು." ಅಂದು ಓದಬೇಡ ಎಂದ ಬಾಯಿಯೇ ಇಂದು ಕೇಳಬೇಡ ಅನ್ನುತ್ತಿದೆ.

ನಾವು ಕೇಳುತ್ತೇವೆ. ಏಟು ಬಿದ್ದ ಜಾಗ, ಸವೆದ ಕೀಲು ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದೇ ಉರಿಯೂತ. ಅಲ್ಲಿ ಮೈ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸುತ್ತದೆ. ಆ ಕೆಲಸ ಮಾಡುವ ಕಿಣ್ವ ಸೈಕ್ಲೋಆಕ್ಸಿಜನೇಸ್. ಆಸ್ಪಿರಿನ್‌ನಂಥ ಮದ್ದುಗಳು ಈ ತಯಾರಿಕೆಯನ್ನೇ ತಡೆಯುತ್ತವೆ ಎಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೆಲಸವೂ ಇದೇ. ಆದರೆ ಜಠರದ ಒಳಪದರವನ್ನು ಕಾಯುವುದೂ, ಕಿಡ್ನಿಗೆ ರಕ್ತ ಹರಿಸುವುದೂ ಪ್ರೊಸ್ಟಗ್ಲಾಂಡಿನ್ನೇ. ನೋವಿನ ಜೊತೆ ಕಾವಲೂ ಹೋಗುತ್ತದೆ. ಹೊಟ್ಟೆಹುಣ್ಣು, ರಕ್ತಸ್ರಾವ, ಕಿಡ್ನಿಗೆ ಪೆಟ್ಟು ಬರುವುದು ಹೀಗೆ. ಬಿಸಿಲಲ್ಲಿ ಬೆವರು ಸುರಿಸಿ, ನೀರು ಕಾಣದೆ ದುಡಿಯುವ ಮೈಗೆ ಅಪಾಯ ಇನ್ನೂ ಹೆಚ್ಚು. ಆ ಮೈ ಯಾರದು?

ನಮ್ಮ ಹಿರಿಯರು ಹೊತ್ತು ಹಾಕಿದ ಸತ್ತ ದನ ತಿಂದು ಊರು ಶುಚಿ ಮಾಡುತ್ತಿದ್ದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ಕಾರಣ, ದನಕ್ಕೆ ಕೊಟ್ಟ ಡೈಕ್ಲೋಫೆನಾಕ್. 2006ರಲ್ಲಿ ಸರ್ಕಾರ ದನದ ಮದ್ದಾಗಿ ಅದನ್ನು ನಿಷೇಧಿಸಿತು. ಸರಿಯಾದದ್ದೇ. ಕೂಲಿಯವನ ಕಿಡ್ನಿಯ ಲೆಕ್ಕ ಇಟ್ಟವರು ಯಾರು?

"ನಿಮ್ಮವರೇ ಸೂಜಿ ಬೇಕು ಅಂತಾರಲ್ಲ" ಅನ್ನುತ್ತಾರೆ. ಹೌದು ಸ್ವಾಮಿ, ಒಂದು ದಿನ ಮಲಗಿದರೆ ಒಲೆ ಹತ್ತಲ್ಲ, ಅದಕ್ಕೆ ಕೇಳ್ತಾರೆ. ರಜೆಯಿಲ್ಲದ ಕೂಲಿಗೆ ನೀವು ರಜೆಯ ಬದಲು ಸೂಜಿ ಮಾರುತ್ತಿದ್ದೀರಿ.

ಮದ್ದು ನಮ್ಮ ಶತ್ರುವಲ್ಲ. ಅಳತೆ ತಪ್ಪಿಸಿ, ಹೆಸರು ಮುಚ್ಚಿಟ್ಟು ಕೊಡುವ ದರ್ಪ ಶತ್ರು. ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿರುವ ತಂಗಿ ತಮ್ಮಂದಿರೇ, ಕೊಡುವ ಮುಂಚೆ ಕೇಳಿ: ಹೊಟ್ಟೆಹುಣ್ಣು ಇತ್ತಾ? ಉಬ್ಬಸ, ಬಿ.ಪಿ., ಹೃದಯದ ಕಾಯಿಲೆ, ಕಿಡ್ನಿ ತೊಂದರೆ? ರಕ್ತ ತೆಳು ಮಾಡುವ ಮಾತ್ರೆ? ಹಿಂದೆ ಯಾವ ಮಾತ್ರೆಯಾದರೂ ಮೈಗೆ ಆಗದೇ ಹೋಗಿತ್ತಾ? 20 ವಾರ ದಾಟಿದ ಬಸುರಿಗೆ ವೈದ್ಯರು ಹೇಳದೆ ಇವು ಬೇಡ. ಡೆಂಗೀ ಶಂಕೆಯ ಜ್ವರಕ್ಕೂ ಬೇಡ. ಅಳತೆಯ ಪ್ಯಾರಾಸಿಟಮಾಲ್ ಇದೆ. ಜ್ವರದ ಮಗುವಿಗೆ ಆಸ್ಪಿರಿನ್ ಬೇಡ. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ 2011ರಲ್ಲೇ ನಿಷೇಧವಾಗಿದೆ. ಇಂಥ ಎರಡು ಮಾತ್ರೆ ಒಟ್ಟಿಗೆ ಬೇಡ. ಊಟದ ಮೇಲೆ, ಸಾಕಾಗುವಷ್ಟೇ ಕಡಿಮೆ, ಕಡಿಮೆ ದಿನ. ಕೊಟ್ಟ ಮೇಲೂ ನೋಡಿ: ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಉಸಿರು ಕಟ್ಟಿದರೆ ಮುಂದಿನ ಡೋಸ್ ತಡೆದು ಕೂಡಲೇ ವೈದ್ಯರಿಗೆ ತಿಳಿಸಿ.

ಪೊಟ್ಟಣದಲ್ಲಿ ಸ್ಟಿರಾಯ್ಡ್ ಇದ್ದರೆ ಮಾತು ಬೇರೆ. ಬಹಳ ದಿನ ನುಂಗಿದವರು ಅದನ್ನು ತಟಕ್ಕನೆ ಬಿಟ್ಟರೂ ಜೀವಕ್ಕೆ ಅಪಾಯ. ಹೆಸರೇ ಗೊತ್ತಿಲ್ಲದವನು ಏನನ್ನು ಬಿಡಬೇಕು, ಏನನ್ನು ಬಿಡಬಾರದು?

ಅದಕ್ಕೇ ನಮ್ಮ ಒತ್ತಾಯ: ಪ್ರತಿ ಪೊಟ್ಟಣದ ಮೇಲೆ ಮದ್ದಿನ ಹೆಸರು, ಅಳತೆ ಕನ್ನಡದಲ್ಲಿ ಬರೆಯಿರಿ. ದುಡಿಯುವ ಜಾಗದಲ್ಲಿ ನೀರು, ನೆರಳು ಕೊಡಿ. ಮೈ ಕೆಟ್ಟ ದಿನಕ್ಕೆ ಕೂಲಿ ಕೊಡಿ.

ರಜೆಗೆ ಕೇರಿಗೆ ಹೋದಾಗ ಮನೆಮನೆಯ ಪೊಟ್ಟಣ ಬಿಚ್ಚಿಸಿ ನೋಡಿ, ಕೊಟ್ಟವರ ಬಳಿಗೇ ಹೋಗಿ ಹೆಸರು ಕೇಳಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.

ಜೈ ಭೀಮ್.