ಕಳವಾದ ಮೇಲಿನ ಕಾವಲು

ನಮ್ಮ ವಾಚಕರಲ್ಲಿ ವೃದ್ಧರೊಬ್ಬರು ಮೊನ್ನೆ ಕಛೇರಿಗೆ ದಯಮಾಡಿಸಿದ್ದರು. ಅಮೆರಿಕೆಯಲ್ಲಿ ಉದ್ಯೋಗದಲ್ಲಿರುವ ಅವರ ಪುತ್ರನಿಗೆ ಅಲ್ಲಿಯ ಯಾವುದೋ ಸಂಸ್ಥೆಯಿಂದ ಪತ್ರ ಬಂದಿದೆಯಂತೆ: ತಮ್ಮ ವಿವರಗಳು ನಮ್ಮಲ್ಲಿಂದ ಕಳುವಾಗಿವೆ, ವಿಷಾದಿಸುತ್ತೇವೆ, ತಮ್ಮ ಸಾಲದ ದಾಖಲೆಯ ಮೇಲೆ ಒಂದು ವರ್ಷ ಪರ್ಯಂತ ಉಚಿತವಾಗಿ ಕಾವಲಿಡುತ್ತೇವೆ, ಎಂದು. ಕ್ರೆಡಿಟ್ ಮಾನಿಟರಿಂಗ್ ಎಂದು ಅದರ ಹೆಸರು. ಅದನ್ನು ಸ್ವೀಕರಿಸಬಹುದೇ ಎಂಬುದು ಮಗನ ಪ್ರಶ್ನೆ.

ಇಂಥ ಕಾವಲಿನ ಯೋಗ್ಯತೆಯನ್ನರಿಯಲು ಈಕ್ವಿಫ್ಯಾಕ್ಸ್ ಪ್ರಕರಣವೊಂದೇ ಸಾಕು. ಜನರ ಸಾಲಗಳ ದಾಖಲೆಯಿಟ್ಟು ಬ್ಯಾಂಕುಗಳಿಗೆ ಮಾರುವ ಅಲ್ಲಿಯ ಮೂರು ದೊಡ್ಡ ಸಂಸ್ಥೆಗಳಲ್ಲಿ ಅದೂ ಒಂದು. ತನ್ನ ತಂತ್ರಾಂಶದ ದೋಷವೂ ಅದರ ಪರಿಹಾರವೂ ೨೦೧೭ನೆಯ ಮಾರ್ಚಿಯಲ್ಲಿಯೇ ಪ್ರಕಟವಾಗಿದ್ದರೂ ಅದು ಸರಿಪಡಿಸಿಕೊಳ್ಳಲಿಲ್ಲ. ಮೇ ತಿಂಗಳಿನಿಂದ ಕಳ್ಳರು ಒಳಗೇ ಇದ್ದರು. ಜುಲೈ ೨೯ರಂದು ಗೊತ್ತಾದುದನ್ನು ಜನಕ್ಕೆ ತಿಳಿಸಿದ್ದು ಸೆಪ್ಟೆಂಬರ್ ೭ರಂದು! ಸುಮಾರು ೧೪ ಕೋಟಿ ೭೦ ಲಕ್ಷ ಜನರ ವಿವರಗಳು ಪರರ ವಶವಾದವು. ಬಳಿಕ ಕಾವಲುಗಾರನನ್ನು ಕಳುಹಿಸಿದವರು ಯಾರು? ಕಳೆದುಕೊಂಡ ಅದೇ ಸಂಸ್ಥೆ. ಅದರ ಕರಾರಿನಲ್ಲಿ, ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಬಿಟ್ಟುಕೊಡತಕ್ಕದ್ದೆಂಬ ಷರತ್ತೂ ಮೊದಲು ಅಡಗಿದ್ದಿತು. ಜನರು ಕೂಗೆಬ್ಬಿಸಿದ ಮೇಲೆ ತೆಗೆದುಹಾಕಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಕಟ್ಟಿದ ನಮ್ಮ ಹಿರಿಯರಿಗೂ, ಬಾಗಿಲು ಹಾಕಿದ್ದಕ್ಕೆ ಕರಾರುಪತ್ರ ಬರೆಯಿಸಿಕೊಳ್ಳುವರೆಂದು ತೋಚಿರಲಿಕ್ಕಿಲ್ಲ.

ಈ ಕಾವಲುಗಾರನು ನಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟಿದರೆ ಸುದ್ದಿ ಮುಟ್ಟಿಸುವನೇ ಹೊರತು ತಡೆಯಲಾರನು. ಪರನೊಬ್ಬನು ನಮ್ಮ ತೆರಿಗೆಯ ಮರುಪಾವತಿಯನ್ನು ಎತ್ತಿಕೊಂಡರೆ ಅದು ಅವನ ಕಣ್ಣಿಗೇ ಬೀಳದು. ಅವನ ಅವಧಿಯೋ ಒಂದು ವರ್ಷ. ಜನ್ಮದಿನಾಂಕವಾದರೋ ಸಾಯುವ ತನಕ ಬದಲಾಗದು. ಕಳ್ಳನು ಒಂದು ವರ್ಷದ ಮೇಲೆ ಒಂದು ದಿನ ಕಾಯಲಾರನೇ?

ಆದುದರಿಂದ ಆ ತರುಣನು ಮೊದಲು ಬೀಗ ಹಾಕಲಿ. ಅಲ್ಲಿ ಅದನ್ನು ಕ್ರೆಡಿಟ್ ಫ್ರೀಜ್ ಎನ್ನುತ್ತಾರೆ. ಅದು ಇರುವವರೆಗೆ ಹೊಸದಾಗಿ ಸಾಲ ಕೊಡುವವನಿಗೆ ದಾಖಲೆ ಕಾಣಿಸದು. ಕಾಣದೆ ಅವನು ಸಾಮಾನ್ಯವಾಗಿ ಕೊಡನು. ೨೦೧೮ನೆಯ ಸೆಪ್ಟೆಂಬರ್ ೨೧ರಿಂದ ಶಾಸನದ ಮೇರೆಗೆ ಇದು ಉಚಿತ. ಆದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರರಲ್ಲಿಯೂ ಬೇರೆ ಬೇರೆ ಹಾಕಬೇಕು. ತಾನೇ ಮನೆಯನ್ನೋ ಮೋಟಾರನ್ನೋ ಸಾಲದಿಂದ ಕೊಳ್ಳುವಾಗ ತೆಗೆಯಬೇಕು. ತೊಂದರೆಯೇನೋ ಸರಿಯೆ. ಅನಂತರ ಬಿಟ್ಟಿಯ ಕಾವಲನ್ನೂ ಧಾರಾಳವಾಗಿ ಸ್ವೀಕರಿಸಲಿ, ಕರಾರನ್ನು ಓದಿ. ವರ್ಷ ಕಳೆದ ಮೇಲೆ ತಾನಾಗಿಯೇ ಹಣ ಕೀಳುವ ಏರ್ಪಾಡಿದ್ದರೆ ಒಪ್ಪಬಾರದು. ಹಣ ತೆತ್ತು ಈ ಕಾವಲನ್ನು ಕೊಳ್ಳುವುದಂತೂ ನಮಗೆ ಸಮ್ಮತವಿಲ್ಲ. ತನ್ನ ದಾಖಲೆಯನ್ನು ವಾರಕ್ಕೊಮ್ಮೆ ಉಚಿತವಾಗಿ ತಾನೇ ತರಿಸಿ ನೋಡಲು ಆ ದೇಶದಲ್ಲಿ ಅವಕಾಶವಿರುವಾಗ ದುಡ್ಡೇಕೆ?

ಇಷ್ಟನ್ನು ಹೇಳಿ, ತಮ್ಮ ದಾಖಲೆಯನ್ನು ನೋಡಿರುವಿರಾ ಎಂದು ಆ ವೃದ್ಧರನ್ನೇ ಕೇಳಿದೆವು. ನಮ್ಮ ದೇಶದಲ್ಲಿಯೂ ಇಂಥ ಸಂಸ್ಥೆಗಳು ನಾಲ್ಕಿವೆ, ಈಕ್ವಿಫ್ಯಾಕ್ಸಿನ ಶಾಖೆಯೂ ಸೇರಿ. ರಿಸರ್ವ್ ಬ್ಯಾಂಕಿನ ಆಜ್ಞೆಯಂತೆ ೨೦೧೭ರಿಂದ ಪ್ರತಿಯೊಂದೂ ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡತಕ್ಕದ್ದು. ಅವರು ಒಂದನ್ನೂ ನೋಡಿರಲಿಲ್ಲ. ನಾವೂ ನೋಡಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಈ ವಾರ ತರಿಸಿದ್ದೇವೆ.