ಶಸ್ತ್ರಚಿಕಿತ್ಸೆಗೆ ಲೆಕ್ಕವಿದೆ, ವಯಸ್ಸಿಗೆ ಇಲ್ಲ

ಕಿವಿ ಕೇಳಿಸದ ಮಗುವನ್ನು ಎಷ್ಟನೇ ತಿಂಗಳಿಗೆ ಗುರುತಿಸಿದೆವು ಎಂಬುದೇ ಆರೋಗ್ಯ ವ್ಯವಸ್ಥೆಗೆ ಒಡ್ಡಬೇಕಾದ ಮೊದಲ ಪ್ರಶ್ನೆ

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿಲ್ಲವೆಂದರೆ ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ. ‘ಅವರಪ್ಪ ಮಾತು ಕಲಿತದ್ದೂ ಮೂರು ವರ್ಷಕ್ಕೇ’, ‘ಗಂಡುಮಕ್ಕಳಿಗೆ ಮಾತು ತಡ’, ‘ಬಜೆ ತೇದು ನಾಲಿಗೆಗೆ ಸವರಿ, ಸರಿಹೋಗುತ್ತೆ’. ದೇವರಿಗೆ ಹರಕೆ ಹೊತ್ತು, ನಾಟಿ ಔಷಧಿ ಕೊಡಿಸಿ ಇನ್ನೊಂದು ವರ್ಷ ಕಳೆಯುತ್ತದೆ. ನಾಲಿಗೆಗೆ ಏನೂ ಆಗಿಲ್ಲ, ಮಗುವಿಗೆ ಕಿವಿಯೇ ಕೇಳಿಸುತ್ತಿಲ್ಲ ಎಂದು ಗೊತ್ತಾಗುವಷ್ಟರಲ್ಲಿ, ಭಾಷೆ ಕಲಿಯಲು ಮಿದುಳು ಹದವಾಗಿರುವ ಕಾಲದ ಬಹುಪಾಲು ಕೈಜಾರಿರುತ್ತದೆ.

ಇದಕ್ಕೆ ಹೆತ್ತವರನ್ನು ದೂರಿ ಫಲವಿಲ್ಲ. ಹುಟ್ಟಿನಿಂದಲೇ ಕಿವಿ ಕೇಳಿಸದ ಕೂಸೂ ಮೊದಲ ತಿಂಗಳುಗಳಲ್ಲಿ ಬೇರೆ ಕೂಸುಗಳಂತೆಯೇ ನಗುತ್ತದೆ, ‘ಅಗೂ’ ಎನ್ನುತ್ತದೆ. ಬೆನ್ನ ಹಿಂದೆ ತಟ್ಟೆ ಬಡಿದು ನೋಡುವ ಮನೆಪರೀಕ್ಷೆಯಲ್ಲಿ ಅದು ತಿರುಗಿ ನೋಡುವುದೂ ಉಂಟು. ನೆಲದ ಅದುರಿಗೋ ಸುಳಿದ ನೆರಳಿಗೋ ತಿರುಗಿರುತ್ತದೆ, ಮನೆಯವರು ಕೇಳಿಸಿತೆಂದು ಸಮಾಧಾನಪಡುತ್ತಾರೆ. ಭಾಗಶಃ ದೋಷವಿದ್ದರಂತೂ ಪತ್ತೆ ಮತ್ತೂ ಕಷ್ಟ. ಬಾಗಿಲು ಬಡಿದದ್ದು ಕೇಳುತ್ತದೆ, ‘ಸ’, ‘ಶ’ಗಳಂಥ ಮೆಲು ದನಿಗಳು ಕೇಳುವುದಿಲ್ಲ. ಇಂಥ ಮಕ್ಕಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿಯ ತಂದೆ ತಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ ಅನುಮಾನ ಹುಟ್ಟಲು ಕಾರಣವೇ ಇರುವುದಿಲ್ಲ. ಇದನ್ನು ಯಂತ್ರವೇ ಹೇಳಬೇಕು.

ಆ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ಒಂದು ವಿಸ್ಮಯವನ್ನು ಜಗತ್ತಿನ ಮುಂದಿಟ್ಟರು: ಆರೋಗ್ಯವಂತ ಒಳಕಿವಿ ಸದ್ದನ್ನು ಕೇಳಿಸಿಕೊಳ್ಳುವುದಷ್ಟೇ ಅಲ್ಲ, ತಾನೂ ಸಣ್ಣದೊಂದು ಸದ್ದು ಹೊರಡಿಸುತ್ತದೆ. ಇದನ್ನೇ ಆಧರಿಸಿದ್ದು ಓಎಇ ಪರೀಕ್ಷೆ. ಹಾಲು ಕುಡಿದು ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ಬಿರಡೆ ಇಟ್ಟು ಟಿಕ್‌ಟಿಕ್ ಸದ್ದು ಕಳಿಸುತ್ತಾರೆ. ಒಳಕಿವಿಯ ಮಾರುತ್ತರವನ್ನು ಪುಟ್ಟ ಮೈಕ್ ಹಿಡಿಯುತ್ತದೆ. ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ, ಕೂಸು ಏಳುವುದೂ ಇಲ್ಲ. ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ‘ಪಾಸ್’ ಅಥವಾ ‘ರೆಫರ್’ ಎಂದು ಬರುತ್ತದೆ. ಒಳಕಿವಿ ಸರಿಯಿದ್ದು ನರದಲ್ಲಿ ದೋಷವಿದ್ದರೆ ಓಎಇಗೆ ಅದು ಸಿಗುವುದಿಲ್ಲ. ಅದಕ್ಕೇ ಐಸಿಯುನಲ್ಲಿದ್ದು ಬಂದ, ತೀವ್ರ ಕಾಮಾಲೆಯಾಗಿದ್ದ ಶಿಶುಗಳಿಗೆ, ಸದ್ದು ಮಿದುಳಿನ ಕಾಂಡದವರೆಗೆ ತಲುಪುತ್ತಿದೆಯೇ ಎಂದು ನೋಡುವ ‘ಬೇರಾ’ ಪರೀಕ್ಷೆ ಬೇಕೇ ಬೇಕು.

ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ‘1-3-6’ ಎಂಬ ಈ ಸೂತ್ರವನ್ನು ಪ್ರಪಂಚದ ಹಲವೆಡೆ ಪಾಲಿಸುತ್ತಾರೆ. ಇದು ಬರೀ ಆತುರದ ಮಾತಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗಾ ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಪಡೆದ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರ ಭಾಷೆಗಿಂತ ಸ್ಪಷ್ಟವಾಗಿ ಮುಂದಿತ್ತು. ಕಿವಿಯಿಂದ ಏನೂ ಬಾರದಿದ್ದರೆ ಮಿದುಳಿನಲ್ಲಿ ಆಲಿಸುವುದಕ್ಕೆಂದು ಇರುವ ಭಾಗವನ್ನು ಬೇರೆ ಇಂದ್ರಿಯಗಳು ಆಕ್ರಮಿಸುತ್ತವೆ. ಆಮೇಲೆ ಎಷ್ಟು ದುಬಾರಿ ಸಾಧನ ಅಳವಡಿಸಿದರೂ ಅದು ಸದ್ದನ್ನು ತಲುಪಿಸಬಲ್ಲದು, ಮಾತಿನ ಅರ್ಥವನ್ನು ತಲುಪಿಸುವುದು ಕಷ್ಟ.

ಹಾಗಿದ್ದರೆ ಕರ್ನಾಟಕಕ್ಕೆ ಏನು ಅಡ್ಡಿ? ಸವಲತ್ತಿಗೆ ತೀರಾ ಬರವಿಲ್ಲ. ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲಿದೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲೇ ಶುರುವಾಗಿದೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ. ಹುಟ್ಟು ಕಿವುಡು ಅದರ ಪಟ್ಟಿಯಲ್ಲಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಹೆಚ್ಚುಕಡಿಮೆ ಪ್ರತಿ ಕೂಸೂ ಹುಟ್ಟಿದ ದಿನವೇ ಆರೋಗ್ಯ ವ್ಯವಸ್ಥೆಯ ಕೈಗೆ ಸಿಗುತ್ತದೆ. ಸೋದರಮಾವ, ಅತ್ತೆಮಗನನ್ನು ಮದುವೆಯಾಗುವ ರೂಢಿ ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದಾದ್ದರಿಂದ ವಂಶವಾಹಿ ದೋಷಗಳ ಭಾರವೂ ಇಲ್ಲಿ ಜಾಸ್ತಿ. ಕಾರಣವೂ ಇದೆ, ಅವಕಾಶವೂ ಇದೆ.

ಸೋರಿಕೆ ಇರುವುದು ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ. ಹುಟ್ಟಿದ ಒಂದೆರಡು ದಿನಗಳಲ್ಲಿ ಕಿವಿಯಲ್ಲಿ ಗರ್ಭದ ಜಿಡ್ಡು ಉಳಿದಿದ್ದರೂ ಯಂತ್ರ ‘ರೆಫರ್’ ಎನ್ನುತ್ತದೆ. ಆದ್ದರಿಂದ ಕೆಲವು ವಾರ ಬಿಟ್ಟು ಮತ್ತೆ ನೋಡಲೇಬೇಕು. ‘ಇನ್ನೊಮ್ಮೆ ಕರ್ಕೊಂಡ್ ಬನ್ನಿ’ ಎಂಬ ಮಾತಿನೊಂದಿಗೆ ಬಾಣಂತಿಯನ್ನು ಮನೆಗೆ ಕಳಿಸುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಮೂರೋ ಐದೋ ತಿಂಗಳಿಗೆ ತಾಯಿ, ಮಗು ಗಂಡನ ಮನೆಗೆ, ಅಂದರೆ ಬೇರೆ ತಾಲ್ಲೂಕಿಗೆ, ಎಷ್ಟೋ ಸಲ ಬೇರೆ ಜಿಲ್ಲೆಗೆ. ಮೊದಲ ಪರೀಕ್ಷೆಯ ಚೀಟಿ ತವರಿನ ಬೀರುವಿನಲ್ಲೇ ಉಳಿಯುತ್ತದೆ. ಅಲ್ಲಿನ ಆಶಾ ಕಾರ್ಯಕರ್ತೆಗೆ ಮಗು ಊರು ಬಿಟ್ಟಿದೆ, ಇಲ್ಲಿನವರಿಗೆ ಹಿಂದಿನದು ಗೊತ್ತಿಲ್ಲ.

ಇದೇ ಮಗು ಲಸಿಕೆಯನ್ನು ಮಾತ್ರ ತಪ್ಪಿಸಿಕೊಳ್ಳುವುದು ಕಡಿಮೆ. ತಾಯಿ ಕಾರ್ಡ್ ಜೊತೆಗೇ ಹೋಗುತ್ತದೆ, ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದು ಎಲ್ಲಿದ್ದರೂ ಆಗುತ್ತದೆ. ಕಿವಿ ಪರೀಕ್ಷೆಯ ಫಲಿತಾಂಶವನ್ನೂ ಅದೇ ಕಾರ್ಡಿನಲ್ಲಿ ನಮೂದಿಸಿ, ಮರುಪರೀಕ್ಷೆಯನ್ನು ಆರನೇ ವಾರದ ಲಸಿಕೆಯ ದಿನಕ್ಕೆ ಕಟ್ಟಿಹಾಕಿದರೆ ಈ ಸೋರಿಕೆ ಬಹುಪಾಲು ನಿಲ್ಲುತ್ತದೆ. ಪ್ರತಿ ಆಸ್ಪತ್ರೆಗೂ ಯಂತ್ರ ಕೊಳ್ಳಬೇಕೆಂದೂ ಇಲ್ಲ. ಕೇರಳದ ಎರ್ನಾಕುಲಂನಲ್ಲಿ 2003ರಲ್ಲಿ ಮಕ್ಕಳ ವೈದ್ಯರು ಕಂಡುಕೊಂಡ ದಾರಿ ಸರಳ: ಒಂದೇ ಯಂತ್ರ, ತರಬೇತಾದ ಒಬ್ಬ ಸಿಬ್ಬಂದಿ, ಸರದಿಯಂತೆ ಆಸ್ಪತ್ರೆಯಿಂದ ಆಸ್ಪತ್ರೆಗೆ. ನಮ್ಮ ತಾಲ್ಲೂಕುಗಳಿಗೆ ಹೇಳಿ ಮಾಡಿಸಿದ ಮಾದರಿ ಇದು.

ಸರ್ಕಾರಗಳ ಉತ್ಸಾಹ ಹೆಚ್ಚಾಗಿ ಕಾಣುವುದು ಕೊನೆಯ ಹಂತದಲ್ಲಿ. ಕೇಂದ್ರದ ‘ಅಡಿಪ್’ ಯೋಜನೆ, ರಾಜ್ಯದ ‘ಶ್ರವಣ ಸಂಜೀವಿನಿ’ಯಡಿ ಪುಟ್ಟ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಒಳಕಿವಿಗೆ ಅಳವಡಿಸುವ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಉಚಿತವಾಗಿ ಸಿಗುತ್ತಿದೆ. ಲಕ್ಷಾಂತರ ರೂಪಾಯಿಯ ಈ ನೆರವು ಬಡ ಕುಟುಂಬಗಳಿಗೆ ನಿಜಕ್ಕೂ ದೊಡ್ಡದು, ಅದು ನಿಲ್ಲಬಾರದು. ಆದರೆ ಸಾಧನೆಯೆಂದು ಸಭೆಗಳಲ್ಲಿ ಹೇಳುವುದು ಎಷ್ಟು ಶಸ್ತ್ರಚಿಕಿತ್ಸೆಯಾಯಿತು ಎಂಬ ಅಂಕಿಯನ್ನು. ಆ ಮಕ್ಕಳಿಗೆ ಆಗ ಎಷ್ಟು ವಯಸ್ಸಾಗಿತ್ತು ಎಂದು ಕೇಳುವವರು ಕಡಿಮೆ. ಒಂದು ವರ್ಷಕ್ಕೆ ಆದ ಇಂಪ್ಲಾಂಟ್‌ಗೂ ಐದು ವರ್ಷಕ್ಕೆ ಆದದ್ದಕ್ಕೂ ಖರ್ಚು ಒಂದೇ, ಫಲ ಬೇರೆ. ಬೇಗ ಪತ್ತೆಯಾದ ಎಷ್ಟೋ ಮಕ್ಕಳಿಗೆ ಶ್ರವಣಸಾಧನವೇ ಸಾಕು, ಶಸ್ತ್ರಚಿಕಿತ್ಸೆಯೇ ಬೇಡ.

ಇಂಪ್ಲಾಂಟ್ ಹಾಕಿದ ಮರುದಿನ ಮಗು ಮಾತನಾಡುವುದೂ ಇಲ್ಲ. ಯಂತ್ರವನ್ನು ಮತ್ತೆ ಮತ್ತೆ ಹೊಂದಿಸಬೇಕು, ವರ್ಷಗಟ್ಟಲೆ ಆಲಿಸುವ ತರಬೇತಿ ಬೇಕು. ಮೈಸೂರಿನ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳೊಂದಿಗೆ ತಾಯಂದಿರೂ ಕಲಿಯುತ್ತಾರೆ; ಅನ್ನ ಬಡಿಸುವಾಗ, ಬಟ್ಟೆ ಮಡಿಸುವಾಗ ಮಗುವಿನೊಂದಿಗೆ ಬಿಡದೆ ಮಾತನಾಡುವುದು ಅವರ ಪಾಠ. ಬೀದರ್‌ನಿಂದಲೋ ರಾಯಚೂರಿನಿಂದಲೋ ಬಂದ ತಾಯಿ ಕೂಲಿ ಬಿಟ್ಟು ಅಲ್ಲಿ ಎಷ್ಟು ಕಾಲ ಇರಬಲ್ಲಳು? ತರಬೇತಿ ಜಿಲ್ಲಾ ಕೇಂದ್ರದಲ್ಲೇ ಸಿಗಬೇಕು; ವಾರಂಟಿ ಮುಗಿದ ಮೇಲೆ ಕೇಬಲ್, ಬ್ಯಾಟರಿಯ ಖರ್ಚಿಗೂ ದಾರಿ ತೋರಬೇಕು. ಯಾವ ಸಾಧನದಿಂದಲೂ ಫಲ ಕಾಣದ ಮಕ್ಕಳಿರುತ್ತಾರೆ. ಅವರಿಗೆ ಸಂಜ್ಞೆ ಭಾಷೆಯನ್ನು ಎಳವೆಯಲ್ಲೇ ಕಲಿಸುವುದು ಸೋಲಲ್ಲ, ಹಕ್ಕು. ಬಾಯಿಮಾತೋ ಸಂಜ್ಞೆಯೋ, ಭಾಷೆಯೇ ಇಲ್ಲದೆ ಮಗು ಬೆಳೆಯುವುದು ಅನ್ಯಾಯ.

ತಡೆಯಬಹುದಾದದ್ದೂ ಸಾಕಷ್ಟಿದೆ. ಗರ್ಭಿಣಿಗೆ ರುಬೆಲ್ಲಾ ಬಂದರೆ ಮಗುವಿನ ಕಿವಿ ಹೋಗಬಹುದು. ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಬೆಂಗಳೂರಿನಿಂದಲೇ ಚಾಲನೆ ಪಡೆದಿತ್ತು. ಸೋರುವ ಕಿವಿಗೆ ಕಾಸಿದ ಎಣ್ಣೆ ಬಿಡುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿದರೂ ಎಷ್ಟೋ ಮಕ್ಕಳ ಶ್ರವಣ ಉಳಿಯುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ-2016 ಅಪಾಯದಂಚಿನ ಮಕ್ಕಳ ಪತ್ತೆಗೆ ವರ್ಷಕ್ಕೊಮ್ಮೆ ತಪಾಸಣೆ ನಡೆಯಬೇಕೆನ್ನುತ್ತದೆ. ಅಂಗನವಾಡಿಯಲ್ಲಿ ಅದು ಕಾಟಾಚಾರವಾಗಬಾರದು.

ಆರೋಗ್ಯ ಇಲಾಖೆ ಮಾಡಬೇಕಾದ ಮೊದಲ ಕೆಲಸಕ್ಕೆ ಹೆಚ್ಚು ಹಣವೇನೂ ಬೇಡ: ಶ್ರವಣದೋಷ ಖಚಿತವಾದಾಗ ಮಗುವಿಗೆ ಎಷ್ಟು ತಿಂಗಳಾಗಿತ್ತು ಎಂಬ ಸರಾಸರಿಯನ್ನು ಜಿಲ್ಲಾವಾರು ಪ್ರತಿವರ್ಷ ಪ್ರಕಟಿಸಲಿ. ಆ ಅಂಕಿ ಇಳಿಯದೆ, ಇಂಪ್ಲಾಂಟ್‌ಗಳ ಅಂಕಿ ಎಷ್ಟೇ ಏರಿದರೂ ಅದು ಸಾಧನೆಯಲ್ಲ. ಹೆತ್ತವರು ಕೇಳಬೇಕಾದದ್ದೂ ಒಂದೇ ಪ್ರಶ್ನೆ. ಆಸ್ಪತ್ರೆಯಿಂದ ಹೊರಡುವ ಮುನ್ನ ಕೇಳಿ: ‘ನಮ್ಮ ಮಗುವಿನ ಕಿವಿ ಪರೀಕ್ಷೆ ಆಯಿತೆ?’ ಆಗಿಲ್ಲವೆಂದರೆ, ಒಂದು ತಿಂಗಳು ತುಂಬುವುದರೊಳಗೆ ಮಾಡಿಸಿ.